ಕಲ್ಲಿನ ಮೇಲಿನ ತಾರೀಕು

ನುಣುಪು, ಎಷ್ಟೊಂದು ನುಣುಪು ಈ ಮರ, ಮುಂದಿನ ಬೆಂಚಿನ ಬೆನ್ನಿಗೆ ಕೊರೆದ ಕಚ್ಚಿನೊಳಗೆ ಶಿವದೇವಿಯ ಬೆರಳು ತಾನಾಗಿ ಹೋಗಿ ಕೂತಿದೆ, ಬಂದೂಕು ಒರಗಿಸುವ ಕಚ್ಚಂತೆ, ಮದುವೆಯಾದ ಹೊಸದರಲ್ಲಿ ಗಂಡ ವೈಜನಾಥನೇ ತೋರಿಸಿದ್ದ — ಐವತ್ತೇಳರ ದಂಗೆ ಆದ ಮ್ಯಾಲ ಗೋರಾ ಸಿಪಾಯಿಗಳು ಬಂದೂಕ ಬಾಜೂಕ ಇಟ್ಕೊಂಡ ಪ್ರಾರ್ಥನಾಕ ಕೂಡ್ತಿದ್ರು ನೋಡ — ನಕ್ಕಿದ್ದ, ಫಿರಂಗಿ ದಳದ ನಾಯಕ್, ಬೀದರಿನ ಮಿಷನ್ ಕಾಂಪೌಂಡಿನಲ್ಲಿ ಬೆಳೆದವನು, ಸಿಕಂದರಾಬಾದಿನ ಈ ದಂಡಿನ ಚರ್ಚನ್ನು ತನ್ನ ಅಜ್ಜನೇ ಕಟ್ಟಿಸಿದನೇನೋ ಎಂಬಂತೆ ಸುತ್ತಿಸಿದ್ದ, ಗೋಡೆ ತುಂಬ ಬಿಳಿ ಕಲ್ಲು, ಕಲ್ಲು ತುಂಬ ಹೆಸರು, ಕಾಲರಾ ಬಂದು ಒಂದೇ ವಾರದಲ್ಲಿ ಹೋದ ಕ್ಯಾಪ್ಟನ್ನನ ಹೆಂಡತಿ, ಮಕ್ಕಳು, ಬರ್ಮಾದಲ್ಲಿ ಸತ್ತವರು, ಬಸ್ರಾದಲ್ಲಿ ಸತ್ತವರು, ಎಲ್ಲೆಲ್ಲೋ ಮಣ್ಣಾಗ್ಯಾರ, ಹೆಸರಷ್ಟ ಇಲ್ಲಿಗೆ ಬಂದಾವ ಅಂದಿದ್ದ, ಈಗ ಅದೇ ಗೋಡೆಯಲ್ಲಿ ಹಸಿ ಸಿಮೆಂಟಿನ ವಾಸನೆ, ಹೊಸ ಕಲ್ಲು, ಕಲ್ಲಿನ ಮೇಲೆ ನೀಲಿ ಬಟ್ಟೆ, ಬಟ್ಟೆಗೊಂದು ಹಗ್ಗ, ಕಳೆದ ಡಿಸೆಂಬರಿನ ಲಡಾಯಿಯಲ್ಲಿ ಕಾಣೆಯಾದ ವೈಜನಾಥನ ಹೆಸರು ಆ ಬಟ್ಟೆಯ ಹಿಂದೆ — ಕಾಣೆಯಾದವನು ಯಾವಾಗ ಸತ್ತವನಾದ, ಯಾರು ದಾಟಿಸಿದರು ಅವನನ್ನು.

ಸತ್ತದ್ದು ಐದನೇ ತಾರೀಕೆಂದು ಕೆತ್ತಿಸಿದ್ದಾರೆ, ಐದಲ್ಲ, ಆರನೇ ತಾರೀಕು ಬೆಳಿಗ್ಗೆ ವೆಂಕಟೇಶ ಕಣ್ಣಾರೆ ಕಂಡಿದ್ದಾನೆ, ಅದೇ ತುಕಡಿಯವನು, ಒಂದು ಕೈ ಕಳಕೊಂಡು ಮಿಲಿಟರಿ ಆಸ್ಪತ್ರೆಯಲ್ಲಿದ್ದಾಗ ನೋಡಲು ಹೋದವಳ ಮುಖ ನೋಡದೆ ಹೇಳಿದ್ದ, ವೈನಿ, ಜಾಲಿಗಿಡದ ಬುಡಕ ಕೂತಿದ್ದ, ಹಸರ ಮಫ್ಲರ್ ಗುಂಡು ಬಿದ್ದ ತೊಡಿಗೆ ಸುತ್ತಕೋತಿದ್ದ, ನೀ ನಡಿ, ನಾ ಹಿಂದಿಂದ ಬರ್ತೀನಿ ಅಂದ, ನಾ ನಡದೆ — ತಾನೇ ಹೆಣೆದು ಕಳಿಸಿದ್ದ ಮಫ್ಲರು, ತುಕಡಿಯ ಮೇಜರ್ ಸಾಹೇಬರು ಮಾತ್ರ ಮೆತ್ತಗೆ, ತುಂಬ ಮೆತ್ತಗೆ, ಅದು ಅವನಿಗೆ ಜ್ವರದಲ್ಲಿ ಕಂಡದ್ದು ಬೆಹನ್‌ಜೀ ಎಂದರು, ಜ್ವರಕ್ಕೆ ಹೇಗೆ ಗೊತ್ತು ಅದು ಹಸಿರೆಂದು.

ಹಾಡು ನಿಂತಿದೆ, ಪಾದ್ರಿಗಳು ಇತ್ತಲೇ ನೋಡುತ್ತಿದ್ದಾರೆ, ಅತ್ತೆ ಅಂಬವ್ವ ಮೊಣಕೈ ಹಿಡಿದು ಎಬ್ಬಿಸುತ್ತಿದ್ದಾಳೆ, ಏಳವ್ವಾ, ಮಣ್ಣಂತೂ ಸಿಗಲಿಲ್ಲ ನನ್ನ ಮಗಗ, ಕಲ್ಲರೆ ಸಿಗಲಿ — ಇಷ್ಟು ತಿಂಗಳು ಅಳು ತಡೆದುಕೊಂಡೇ ಇದ್ದಾಳೆ ಮುದುಕಿ, ಹಗ್ಗ ಎಳೆಯದಿದ್ದರೆ ಈಕೆ ಅಳಲಾರಳು, ಎಳೆದರೆ ಅವನು ಏಳಲಾರ, ಒರಟು ಹಗ್ಗ, ತನ್ನ ಕೈಮೇಲೆ ಅತ್ತೆಯ ಕೈ, ಯಾರ ಕೈ ಎಳೆಯಿತೋ, ಬಟ್ಟೆ ಜಾರಿ ಬಿತ್ತು, ಅಕ್ಷರಗಳು ಎಷ್ಟು ಚೂಪು, ಐದು, ಅಂಬವ್ವ ಕಲ್ಲಿಗೆ ಹಣೆ ಹಚ್ಚಿ ಕಡೆಗೂ ಅತ್ತಳು, ಬಿಗಿಲು ಮೊಳಗುತ್ತಿದೆ, ಎಲ್ಲರೂ ನೆಟ್ಟಗೆ ನಿಂತಿದ್ದಾರೆ, ಇನ್ನು ಯಾರೂ ಹುಡುಕುವುದಿಲ್ಲ, ಆರನೇ ತಾರೀಕೇ ಇಲ್ಲ ಇನ್ನು, ಅವನಿಗೆ ಹೇಳುವವರು ಯಾರು, ಜಾಲಿಯ ಬುಡದಲ್ಲಿ ಹಲ್ಲು ಕಚ್ಚಿ ಸುತ್ತುತ್ತಿದ್ದಾನೆ, ಹಸಿರು ಕಪ್ಪಾಗುತ್ತಿದೆ, ಗಂಟು ನಿಲ್ಲುತ್ತಿಲ್ಲ, ಮತ್ತೊಂದು ಸುತ್ತು, ಹಸಿರು ಮಫ್ಲರು, ಮತ್ತೊಂದು ಸುತ್ತು —