ಬೆನ್ನುಗಳ ಫೋಟೋ ತೆಗೆದವನು

ಕನಕರಾಜ ಪುಕ್ಕಲ. ಸಂಕೋಚದವನು, ಸಾಧು, ಯಾರ ತಂಟೆಗೂ ಹೋಗದವನು ಎಂದೆಲ್ಲ ಸಂಡೂರಿನವರು ಹೇಳುವುದುಂಟು. ಅವು ಔದಾರ್ಯದ ಮಾತುಗಳು. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಅವನ ಫೋಟೋ ಸ್ಟುಡಿಯೋ. ಅಲ್ಲಿಂದ ನಾಲ್ಕು ಅಂಗಡಿ ಆಚೆಯ ಚಹದಂಗಡಿಗೆ ಹೋಗಬೇಕಾದರೂ ಗೋಡೆಗೆ ಭುಜ ತಾಗಿಸಿಕೊಂಡು ನಡೆಯುತ್ತಾನೆ. ಹಿಂದೆ ಜೀಪಿನ ಸದ್ದಾದರೆ ಸಿಕ್ಕಿದ ಅಂಗಡಿಯ ಮೆಟ್ಟಿಲು ಹತ್ತಿ, ಬೇಡದ ಬೆಂಕಿಪೊಟ್ಟಣ ಕೊಳ್ಳುತ್ತಾನೆ. ಆಡಿದ ಪ್ರತಿ ಮಾತಿನ ಬಾಲಕ್ಕೆ 'ಅಂತಾರ್ರಿ' ಎಂದು ಅಂಟಿಸುವುದು ಅವನ ಚಾಳಿ. ಮಳೆಯಲ್ಲಿ ತೊಯ್ದು ತೊಪ್ಪೆಯಾಗಿ ನಿಂತಿರುವಾಗಲೂ, "ಮಳಿ ಬರಾಕತ್ತೈತಿ ಅಂತಾರ್ರಿ" ಎನ್ನುವವನು ಅವನು. ನಾಳೆ ಯಾರಾದರೂ ಜವಾಬು ಕೇಳಿದರೆ, ಹೇಳಿದವರು ಬೇರೆಯವರು.

ಕೆಲಸ ಕಲಿತದ್ದು ಕಂಪ್ಲಿಯಲ್ಲಿ, ಸೋದರಮಾವನ ಕೈಕೆಳಗೆ. ಮದುವೆಮನೆಯಲ್ಲಿ ಮದುಮಗಳಿಗೆ 'ಸ್ವಲ್ಪ ತಲಿ ಎತ್ತವಾ' ಎನ್ನಲು ಬಾಯಿ ಬಾರದೆ, ಅವನ ಆಲ್ಬಮ್ಮುಗಳಲ್ಲಿ ಹೆಣ್ಣುಗಳೆಲ್ಲ ನೆಲ ನೋಡುತ್ತಿರುತ್ತಾರೆ. ಹಿರಿಯರು ಅದನ್ನು ಲಕ್ಷಣವೆಂದು ಮೆಚ್ಚಿ ಇನ್ನಷ್ಟು ಮದುವೆಗಳಿಗೆ ಕರೆದರು. ಮುಂದೆ ಹಂಪಿಯಲ್ಲಿ ಪ್ರವಾಸಿಗರ ಫೋಟೋ ತೆಗೆದು ಬದುಕಲು ನೋಡಿದ. ಮಂಗವೊಂದು ಹಲ್ಲು ಕಿರಿದದ್ದೇ ನೆಪವಾಗಿ ಹಿಂದಿರುಗಿದ. ದರೋಜಿಯಲ್ಲಿ ಕರಡಿ ನೋಡುವ ಗೋಪುರ ಹತ್ತಿದವನು, ಕರಡಿಗಳು ಹೋಗಿ, ನೋಡಬಂದವರೂ ಹೋದ ಮೇಲೆ, ಕಾವಲುಗಾರನಿಂದ "ಇಳಿಯಪಾ, ನಿನ್ನ ತಿಂದ್ರ ಕರಡಿಗೇ ಅಜೀರ್ಣ ಆಕ್ಕೈತಿ" ಎಂದು ಬೈಸಿಕೊಂಡು ಇಳಿದನಂತೆ.

ಇಂಥವನು ಅದಿರಿನ ಕೆಂಪು ಧೂಳಿನಲ್ಲಿ ದುಡಿಯುವ ಹೆಂಗಸರ ಚಿತ್ರಸರಣಿಯೊಂದನ್ನು ಮಾಡಿದ. ಯಶವಂತನಗರದ ಆಚೆ, ಅದಿರನ್ನು ರಾಶಿ ಹಾಕಿ ಲಾರಿಗೆ ತುಂಬುವ ಗುತ್ತಿಗೆದಾರನೊಬ್ಬನ ಪ್ಲಾಟಿನಲ್ಲಿ, ತಿಂಗಳುಗಟ್ಟಲೆ ಕದ್ದುಮುಚ್ಚಿ ತೆಗೆದ ಚಿತ್ರಗಳು. ಎಲ್ಲವೂ ಬೆನ್ನುಗಳೇ. ಬುಟ್ಟಿ ಎತ್ತುವಾಗ ಸೆಟೆದ ಬೆನ್ನು, ಪೊರಕೆ ಹಿಡಿದು ಬಾಗಿದ ಬೆನ್ನು, ಕೆಮ್ಮಿಗೆ ಸುರುಟಿಕೊಂಡ ಬೆನ್ನು. ಮುಖಕ್ಕೆ ಕ್ಯಾಮೆರಾ ಹಿಡಿದರೆ ಬೈದಾರು ಎಂಬ ಅಂಜಿಕೆಯೇ ಅದಕ್ಕೆ ಕಾರಣ. ಶಾಲೆಯಲ್ಲಿ ಇಂಗ್ಲಿಷ್ ಕಲಿಸುವ ಹೆಂಡತಿ ಪಲ್ಲವಿ ಹಟ ಹಿಡಿದು ಅವನ್ನು ಹೊರದೇಶದ ಸ್ಪರ್ಧೆಯೊಂದಕ್ಕೆ ಕಳಿಸಿದಳು. ಕೊನೆಯ ಸುತ್ತಿನ ಪಟ್ಟಿಯಲ್ಲಿ ಅವನ ಹೆಸರು ಬಂತು. ಮುಖಗಳನ್ನು ಮರೆಮಾಡಿದ್ದರಲ್ಲಿ ಅಪೂರ್ವವಾದ ಗೌರವವಿದೆ ಎಂದು ತೀರ್ಪುಗಾರರು ಬರೆದರು. ಅದನ್ನು ಓದಿದ ದಿನ ಕನಕರಾಜ ಊಟ ಮಾಡಲಿಲ್ಲ; ಆ ಗೌರವ ಎಲ್ಲಿಂದ ಬಂದದ್ದೆಂದು ಅವನಿಗೆ ಗೊತ್ತಿತ್ತು.

ಬೆನ್ನು ಯಾರನ್ನೂ ಹಿಡಿದುಕೊಡುವುದಿಲ್ಲವೆಂದು ಅವನು ನಂಬಿದ್ದ. ಆ ನಂಬಿಕೆ ಮದುವೆಮನೆಗೆ ಸರಿ, ಪ್ಲಾಟಿಗಲ್ಲ. ಧೂಳಿಗೆ ಅಂಜಿ ಅಲ್ಲಿನ ಹೆಂಗಸರು ಸೀರೆಯ ಮೇಲೆ ಗಂಡಂದಿರ ಹಳೆಯ ತುಂಬುತೋಳಿನ ಅಂಗಿ ತೊಡುತ್ತಾರೆ; ತಲೆಗೆ ಮೂಗಿಗೆ ಬಟ್ಟೆ ಸುತ್ತಿದ ಮೇಲೆ ಒಬ್ಬರನ್ನೊಬ್ಬರು ಗುರುತಿಸುವುದು ಆ ಅಂಗಿಗಳಿಂದಲೇ, ಅವುಗಳ ತೇಪೆಯಿಂದಲೇ. ಕನಕರಾಜನ ಚಿತ್ರವೊಂದರಲ್ಲಿ ನೀಲಿ ಅಂಗಿ. ಹರಿದ ಹೆಗಲಿಗೆ, ಗಣಿಯವರು ತೊಡುವ ಜಾಕೀಟಿನಿಂದ ಕತ್ತರಿಸಿದ ಹೊಳೆಯುವ ಪಟ್ಟಿಯ ತೇಪೆ. ಸ್ಪರ್ಧೆಯ ಸುದ್ದಿಯೊಡನೆ ಆ ಚಿತ್ರ ಊರಿನ ಮೊಬೈಲುಗಳಿಗೆಲ್ಲ ಹರಿದು, ತನ್ನಲ್ಲಿ ಹೆಣ್ಣಾಳುಗಳೇ ಇಲ್ಲವೆಂದು ಅಧಿಕಾರಿಗಳಿಗೆ ಬರೆದುಕೊಟ್ಟಿದ್ದ ಗುತ್ತಿಗೆದಾರನನ್ನೂ ಮುಟ್ಟಿತು. ಮರುದಿನದಿಂದ ಅವನ ಮೇಸ್ತ್ರಿ ಹೊನ್ನೂರುಸ್ವಾಮಿ ಪ್ಲಾಟಿನ ಗೇಟಿನಲ್ಲಿ ಹೆಂಗಸರನ್ನು ಸಾಲಾಗಿ ನಿಲ್ಲಿಸತೊಡಗಿದ. "ತಿರುಗ್ರಿ" ಎನ್ನುತ್ತಿದ್ದ. ಅವರು ತಿರುಗುತ್ತಿದ್ದರು. ಅವನು ಒಂದೊಂದೇ ಬೆನ್ನನ್ನು ಮೊಬೈಲಿನೊಂದಿಗೆ ತಾಳೆ ನೋಡುತ್ತ ನಡೆಯುತ್ತಿದ್ದ.

ನೀಲಿ ಅಂಗಿ ರೇಣುಕಮ್ಮನದು. ಬೇಲಿಯ ಸಂದಿ ತೋರಿಸಿ ಕನಕರಾಜನನ್ನು ಒಳಗೆ ಬಿಟ್ಟವಳೂ ಅವಳೇ. ಒಂದು ಮಧ್ಯಾಹ್ನ ಕೈಯಲ್ಲಿ ಪ್ಲಾಸ್ಟಿಕ್ ಚೀಲ ಹಿಡಿದು ಸ್ಟುಡಿಯೋಕ್ಕೆ ಬಂದಳು. ಕೂರಲಿಲ್ಲ.

"ಅಣ್ಣಾ, ಈ ಅಂಗಿ ಸುಡಬೇಕಂತ ಒಲಿ ಮುಂದ ಕುಂತಿದ್ದೆ. ಮನಸ್ಸು ಬರವಲ್ದು. ಸತ್ತೋರ ಅಂಗಿ, ಅವರುದಂತ ಉಳದದ್ದು ಇದೊಂದ. ನೀನ ಇಟಗ."

"ಅಲ್ಲಿ... ಯಾರರ ನಿನ್ನ ಹೆಸರು ಹೇಳ್ಯಾರೇನು?"

"ಇನ್ನಾ ಇಲ್ಲ. ಎಷ್ಟು ದಿನ ಬಾಯಿ ಮುಚ್ಚಗೊಂಡಿರ್ತಾರ? ಅವರಿಗೂ ಹೊಟ್ಟಿ ಐತಿ. ಸಿಕ್ಕಾಕಿ ಮ್ಯಾಗ ಅದಿರು ಕಳುವಿನ ಕೇಸು ಹಾಕ್ತೀನಿ ಅಂತ ಮೇಸ್ತ್ರಿ ಹೇಳ್ಯಾನ." ಬಾಗಿಲ ತನಕ ಹೋದವಳು ನಿಂತು, "ಬೆನ್ನಷ್ಟ ತಗೀತೀನಿ, ಏನೂ ಆಗಂಗಿಲ್ಲ ಅಂದಿದ್ದಿ ನೀನು" ಎಂದಳು. ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವನಿಗೆ ಸುಲಭವಾಗುತ್ತಿತ್ತು.

ಚೀಲವನ್ನು ಮೇಜಿನ ಮೇಲೆಯೇ ಬಿಟ್ಟು ಅವಳು ಹೋದಳು. ಅದನ್ನು ಅವನು ಎತ್ತಿಡುವಷ್ಟರಲ್ಲಿ ಹೊರಗೆ ಜೀಪು ನಿಂತ ಸದ್ದು. ಹತ್ತಿ ಅಡಗಲು ಬೇರೆ ಅಂಗಡಿಯಿಲ್ಲ. ಅವನು ತನ್ನ ಅಂಗಡಿಯಲ್ಲೇ ಇದ್ದ.

"ಏನಪಾ ಫಾರಿನ್ ಸಾವ್ಕಾರ?" ಹೊನ್ನೂರುಸ್ವಾಮಿ ಸ್ಟೂಲಿನ ಮೇಲೆ ಕುಳಿತು, ಪಕ್ಕದಲ್ಲಿದ್ದ ಚೀಲವನ್ನು ಮೊಣಕೈಯಿಂದ ಸರಿಸಿದ. ಮೊಬೈಲನ್ನು ಮುಂದೆ ಹಿಡಿದ. "ಜಗತ್ತಿಗೆಲ್ಲ ತೋರ್ಸೀದಿ. ನಮಗೂ ಹೇಳು. ಯಾರಿಕಿ?"

ಒಂದು ಹೆಸರು, ಅದನ್ನು ಆಡಿಬಿಟ್ಟರೆ ಜೀಪು ಹೋಗುತ್ತದೆ, ಕನಕರಾಜನಿಗೆ ಊರೂ ಸ್ಪರ್ಧೆಯ ಪಟ್ಟಿಯೂ ಎರಡೂ ಉಳಿಯುತ್ತವೆ. ಅವನು ಚೀಲವನ್ನು ಎತ್ತಿಕೊಂಡು, ಅಂಗಿಯನ್ನು ಹೊರಗೆಳೆದು ಮೇಜಿನ ಮೇಲೆ ಹರವಿದ.

"ಅಂಗಿ ನಂದ ಸಾರ್. ತೇಪಿ ನಾನ ಹಚ್ಚಿಸಿದ್ದು. ಲೈಟು ಬಿದ್ರ ಹೊಳೀತೈತಿ ಅಂತ."

"ಅಂದ್ರ?"

"ಅದು ನಿಮ್ಮ ಪ್ಲಾಟ್ ಅಲ್ಲ. ಕಂಪ್ಲಿ ಕಡೆ ಇಟ್ಟಿಗಿ ಭಟ್ಟಿ. ಕೆಂಪು ಮಣ್ಣು ಚೆಲ್ಲಿ, ಯಾರೋ ಕೂಲಿಯಾಕಿಗೆ ಅಂಗಿ ತೊಡಿಸಿ ತಗದೆ. ಎಲ್ಲಾ ನಾಟಕ ಸಾರ್."

ಹೊನ್ನೂರುಸ್ವಾಮಿ ತೇಪೆಯನ್ನು ಬೆರಳಿನಿಂದ ಉಜ್ಜಿ ನೋಡಿದ, ಕನಕರಾಜನ ಮುಖ ನೋಡಿದ. ಆಮೇಲೆ ನಕ್ಕ. "ಎಂಥಾ ಕಳ್ಳ ಅದೀಯಲೇ! ನಾ ಸುಮ್ನ ಆ ಹೆಣ್ಮಕ್ಕಳ್ನ ಬಿಸಿಲಾಗ ನಿಂದ್ರಿಸಿದೆ. ಇದನ್ನ ಮೊಬೈಲಿನಾಗ ಒಮ್ಮಿ ಹೇಳಿಬಿಡು, ನಮ್ಮ ಸಾವ್ಕಾರ ಕೇಳ್ಲಿ." ಕನಕರಾಜ ಹೇಳಿದ. ದನಿ ನಡುಗಿತು, ಸಿಕ್ಕಿಬಿದ್ದ ಮೋಸಗಾರನ ದನಿ ಹಾಗೆಯೇ ಇರುತ್ತದೆಂದು ಮೇಸ್ತ್ರಿಗೆ ತೃಪ್ತಿಯಾಯಿತು.

ಇದನ್ನು ತ್ಯಾಗವೆಂದು ಕೊಂಡಾಡುವವರು ಸ್ವಲ್ಪ ತಡೆಯಬೇಕು. ಆ ಸುಳ್ಳಿನಿಂದ ರೇಣುಕಮ್ಮ ಉಳಿದಳು, ಗುತ್ತಿಗೆದಾರನೂ ಉಳಿದ. ಧೂಳು ಇದ್ದಲ್ಲೇ ಇದೆ, ಅದನ್ನು ಕಂಡ ಒಂದೇ ಕಣ್ಣು ತಾನು ಕಂಡದ್ದು ಸುಳ್ಳೆಂದಿತು. ಧೈರ್ಯವಂತನಾಗಿದ್ದರೆ ಬೇರೆ ದಾರಿ ಹುಡುಕುತ್ತಿದ್ದನೇನೋ. ಅಂಜುಬುರುಕರ ಜಾತಿಯೇ ಹಾಗೆ: ಎದುರಿಗೆ ನಿಂತವನು ಕೇಳಿದಷ್ಟನ್ನು ಕೊಟ್ಟು, ಅವನು ಬೆನ್ನು ತಿರುಗಿಸಿದೊಡನೆ ಬದುಕಿದೆನೆಂದು ಉಸಿರು ಬಿಡುತ್ತಾರೆ.

ಕನಕರಾಜ ಉಸಿರು ಬಿಡಲಿಲ್ಲ. ಸ್ಪರ್ಧೆಯ ಪಟ್ಟಿಯಲ್ಲಿ ಆ ಚಿತ್ರ ನಿಜವೆಂದು ಉಳಿದಿರುವ ತನಕ ಯಾರಾದರೂ ಮತ್ತೆ ಬೆನ್ನು ಹುಡುಕಿಕೊಂಡು ಬಂದಾರು ಎಂಬುದು ಮೇಸ್ತ್ರಿಗೆ ಹೊಳೆದಿರಲಿಲ್ಲ; ಕನಕರಾಜನಿಗೆ ಹೊಳೆದಿತ್ತು. ಜೀಪು ಹೋದ ಮೇಲೆ, ಯಾರೂ ಕೇಳದಿದ್ದರೂ, ಕಂಪ್ಯೂಟರಿನ ಮುಂದೆ ಕುಳಿತ. ಪಲ್ಲವಿ ಶಾಲೆಯಿಂದ ಬರುವವರೆಗೆ ಕಾಯದೆ, ತನಗೆ ಬರುವ ಕನ್ನಡದಲ್ಲೇ, ಈ ಚಿತ್ರಗಳು ನಿಜವಲ್ಲ, ನಾನೇ ಹೂಡಿ ತೆಗೆದದ್ದು, ಪಟ್ಟಿಯಿಂದ ತೆಗೆದುಹಾಕಿರಿ ಎಂದು ಸ್ಪರ್ಧೆಯವರಿಗೆ ಬರೆದ. ಕೆಳಗೆ ತನ್ನ ಹೆಸರು, ತಂದೆಯ ಹೆಸರು, ಊರು, ಎಲ್ಲವನ್ನೂ ತಪ್ಪಿಲ್ಲದೆ ಟೈಪು ಮಾಡಿ, ಇನ್ನೊಮ್ಮೆ ಓದಿ, ಕಳಿಸಿದ.