ಬೆಂಕಿಯ ಕಲ್ಲು, ನೀರಿನ ಕಲ್ಲು

ದೊನ್ ಎಫ್ರಾಯಿನ್ ಹೆಬ್ಬೆರಳಿನ ಉಗುರಿನಿಂದ ಕಲ್ಲನ್ನು ಗೀರಿದರು. ಹಾಲುಬಿಳುಪಿನ ಆ ನುಣುಪಿನ ಮೇಲೆ ಸಣ್ಣದೊಂದು ಗೆರೆ ಮೂಡಿತು.

"ನೋಡಮ್ಮ, ಉಗುರಿಗೇ ಸೋಲುತ್ತೆ. ಇದನ್ನ ನನ್ನ ಮಗನ ಸಮಾಧಿಗೆ ಇಡ್ತೀಯಾ?"

ಸೊಸೆ ಸತುರ್ನೀನಾ ಉಳಿ ಕೆಳಗಿಟ್ಟು ಗೆರೆಯನ್ನು ಬಟ್ಟೆಯಿಂದ ಉಜ್ಜಿದಳು. ತವರು ಆಯಾಕುಚೊದಿಂದ ಅವಳ ಅಣ್ಣ ಬಸ್ಸಿನಲ್ಲಿ ಹೊತ್ತುತಂದಿದ್ದ ವಾಮಂಗಾ ಕಲ್ಲು ಅದು. ಅದರಲ್ಲಿ ಗಂಡ ವಿದಾಲನ ಹೆಸರನ್ನೂ ಸುತ್ತ ಜೋಳದ ತೆನೆಗಳನ್ನೂ ಕೆತ್ತುತ್ತಿದ್ದಳು.

"ನಿಮ್ಮ ಕ್ವಾರಿಯ ಸಿಯಾರ್ ಕಲ್ಲಲ್ಲಿ ತೆನೆಯ ಒಂದೊಂದು ಕಾಳೂ ಬಿಡಿಸೋಕಾಗುತ್ತಾ ಮಾವ? ಬರೀ ತೂತು."

"ತೂತಿರುತ್ತೆ, ಬೆಂಕಿಯಲ್ಲಿ ಹುಟ್ಟಿದ್ದು. ಬೆಟ್ಟ ಬಾಯಿಬಿಟ್ಟಾಗ ಬಿಸಿ ಬೂದಿ ಹರಿದುಬಂದು ಈ ಕಣಿವೆ ತುಂಬಿ, ತನ್ನ ಕಾವಲ್ಲೇ ಬೆಂದು ಗಟ್ಟಿಯಾಗಿದ್ದು. ನಿನ್ನದು ನೀರಲ್ಲಿ ಹುಟ್ಟಿದ್ದು. ಯಾವುದೋ ಕಾಲದ ಉಪ್ಪುನೀರು ಒಣಗಿ ತಳದಲ್ಲಿ ಕೂತದ್ದು. ಮಳೆಗೆ ಸಿಕ್ಕಿದರೆ ಮತ್ತೆ ನೀರಿಗೇ ಹೋಗುತ್ತೆ. ಎರಡೂ ಬೆಳ್ಳಗಿವೆ ಅಂತ ಒಂದೇ ಜಾತಿ ಆಗಿಬಿಡುತ್ತಾ?"

"ಜಾತಿ ನನಗೂ ಗೊತ್ತು. ಅವರ ಮೇಲೆ ಬಿದ್ದದ್ದು ಯಾವ ಜಾತಿಯದು ಅನ್ನೋದೂ ಗೊತ್ತು."

ಏಪ್ರಿಲ್‌ನಲ್ಲಿ ಕ್ವಾರಿಯ ಗೋಡೆಯಿಂದ ಸೀಳಿಬಂದ ಸಿಯಾರ್ ಬಂಡೆಯ ಅಡಿಗೆ ವಿದಾಲ್ ಸಿಕ್ಕಿದ್ದ. ಅವನನ್ನು ಹೊರಗೆಳೆದ ಕೈಗಳಲ್ಲಿ ಅಪ್ಪನವೂ ಇದ್ದವು.

"ಈ ಮನೆಯ ಹೊಟ್ಟೆ ತುಂಬಿಸಿದ್ದೂ ಅದೇ ಕಲ್ಲು," ಎಂದು ಮುದುಕ ಹೊರಗೆ ಹೋದರು.

ಆದರೆ ನವೆಂಬರಿನ ಸತ್ತವರ ಹಬ್ಬಕ್ಕೆ ಸಿಮೆಂಟು ಕಲಸಿ ಅವಳ ಕಲ್ಲನ್ನು ನಿಲ್ಲಿಸಿಕೊಟ್ಟವರು ಅವರೇ. ಮಟ್ಟ ನೋಡಿದರು, ಮಣ್ಣಿಗೆ ಒಂದಿಷ್ಟು ಚಿಚಾ, ಜೋಳದ ಮದ್ಯ, ಸುರಿದರು.

ಜನವರಿಯ ಒಂದು ಮಧ್ಯಾಹ್ನ ಮಿಸ್ತಿ ಬೆಟ್ಟ ಮೋಡದಲ್ಲಿ ಮುಚ್ಚಿಹೋಯಿತು. ಮಳೆ ತಗಡಿನ ಮೇಲೆ ಬಡಿಯತೊಡಗಿತು. ಸಾರು ಬಡಿಸಿಟ್ಟು ಕರೆದರೆ ಮಾವ ಇಲ್ಲ. ಗೂಟದಲ್ಲಿ ಪೊಂಚೊ ಕಂಬಳಿಯೂ ಇಲ್ಲ. ಪಕ್ಕದ ಮನೆಯ ಹೊರ್ತೆನ್ಸಿಯಾ ಕಿಟಕಿಯಿಂದ ಕೂಗಿದಳು: "ನಿಮ್ಮ ಮಾವ ಸ್ಮಶಾನದ ಕಡೆ ಓಡಿದ್ರಲ್ಲೇ! ಈ ವಯಸ್ಸಲ್ಲಿ ಯಾವ ಹುಡುಗಿ ಕಾಯ್ತಿದಾಳೆ ಅಲ್ಲಿ?"

ಸತುರ್ನೀನಾ ತಲೆಗೆ ಶಾಲು ಹೊದ್ದು ಹೊರಟಳು.

ಅವರು ಸಮಾಧಿಯ ಮುಂದೆ ಕಾಲು ಅಗಲಿಸಿ ನಿಂತು, ಎರಡೂ ಕೈಗಳಲ್ಲಿ ಪೊಂಚೊವನ್ನು ಕಲ್ಲಿನ ಮೇಲೆ ಹಿಡಿದಿದ್ದರು. ಟೋಪಿಯ ಅಂಚಿನಿಂದ ನೀರು ಕುತ್ತಿಗೆಗೆ ಇಳಿಯುತ್ತಿತ್ತು.

"ಏನ್ ಮಾಡ್ತಿದೀರ ಮಾವ? ಪೂರ್ತಿ ನೆಂದುಹೋಗಿದೀರ!"

"ಹೆಸರು ಅಳಿಸಿಹೋಗುತ್ತಲ್ಲಮ್ಮ."

"ಒಂದು ಮಳೆಗೆಲ್ಲ ಅಳಿಸಲ್ಲ."

"ಒಂದೇ ಮಳೆ ಬಂದು ನಿಲ್ಲುತ್ತಾ?"

ಅವಳು ಆಚೆ ಬದಿಗೆ ಹೋಗಿ ಇನ್ನೆರಡು ಮೂಲೆ ಹಿಡಿದಳು. ಇಬ್ಬರ ನಡುವೆ ವಿದಾಲನ ಹೆಸರು ಒಣಗಿಯೇ ಇತ್ತು.

"ಮೇಲೊಂದು ಸೂರು ಕಟ್ಟಲಾ?" ಅವಳ ಮುಖ ನೋಡದೆ ಕೇಳಿದರು. "ನನ್ನ ಹತ್ತಿರ ಇರೋದು ಆ ಸಿಯಾರ್ ಕಲ್ಲೊಂದೇ."

ಅವಳು ಪೊಂಚೊದ ಮೂಲೆಗಳನ್ನು ಬೆರಳಿಗೆ ಇನ್ನೊಂದು ಸುತ್ತು ಸುತ್ತಿಕೊಂಡಳು.

"ಬಿರುಕಿಲ್ಲದ್ದು ನೋಡಿ ಆರಿಸಿ," ಎಂದಳು ಕೊನೆಗೆ. "ಪಕ್ಕಕ್ಕೆ ಗೋಡೆ ಬೇಡ. ಬೆಳಕು ಬರಲಿ."

"ಬರುತ್ತೆ."

ಪೊಂಚೊದ ನಡುವೆ ನೀರು ತುಂಬಿ ಜೋತುಬಿದ್ದಿತ್ತು. ಅವಳು ಅಡಿಯಿಂದ ಮೊಣಕೈಯಲ್ಲಿ ಮೆಲ್ಲಗೆ ಎತ್ತಿದಳು. ನೀರು ಅಂಚಿನಿಂದ ಇಳಿದು ಬದಿಯ ಮಣ್ಣಿಗೆ ಹರಿಯಿತು. ಇಬ್ಬರೂ ಮತ್ತೆ ಬಿಗಿಯಾಗಿ ಎಳೆದುಹಿಡಿದರು.