ಗೋಡೆಯ ಕಡೆಗಿನ ಮಗ್ಗುಲು

ನಾನು ದೊರೆಯೊಬ್ಬನ ಹೆಣ ಇಡಲು ಮಾಡಿದ ಕಲ್ಲಿನ ಪೆಟ್ಟಿಗೆ. ಈಜಿಪ್ಟಿನ ದಕ್ಷಿಣದ ಗಣಿಯಲ್ಲಿ ಹುಟ್ಟಿ, ನೈಲ್ ನದಿಗೆ ನೆರೆ ಬಂದಾಗ ದೋಣಿಯಲ್ಲಿ ಉತ್ತರಕ್ಕೆ ಬಂದೆ. ಆಗ ನಾನು ಬರೀ ಕೆಂಪು ಬಂಡೆ. ನನ್ನನ್ನು ಪೆಟ್ಟಿಗೆ ಮಾಡಿದವರು ಮೆಹು ಮತ್ತು ಅವನ ಹೆಂಡತಿಯ ತಮ್ಮ ಇಬಿ. ಉದ್ದನೆಯ ತಾಮ್ರದ ಗರಗಸದ ಆ ತುದಿಗೆ ಒಬ್ಬ, ಈ ತುದಿಗೆ ಒಬ್ಬ. ತಾಮ್ರ ಮೆತ್ತಗಿನದು, ಅದಕ್ಕೆ ನಾನು ಬಗ್ಗುವುದಿಲ್ಲ. ನನ್ನನ್ನು ಕೊಯ್ದದ್ದು ಅದರಡಿ ಸುರಿದ ಮರಳು.

ಮೆಹುವಿನ ಹೆಂಡತಿ ಹೆನುತ್ ಆ ವರ್ಷ ಕೆಮ್ಮಿ ಕೆಮ್ಮಿ ಸತ್ತಿದ್ದಳು. ಚಾಪೆಯಲ್ಲಿ ಸುತ್ತಿ ಮರಳಿನಲ್ಲಿ ಹೂತಿದ್ದರು. ಪೆಟ್ಟಿಗೆ ಚೆನ್ನಾಗಿ ಬಂದರೆ ಅವಳಿಗೆ ಕೆಲಸಗಾರರ ಗುಡ್ಡದಲ್ಲಿ ಇಟ್ಟಿಗೆಯ ಗೋರಿ ಕೊಡಿಸುವುದಾಗಿ ಮೇಸ್ತ್ರಿ ಮಾತು ಕೊಟ್ಟಿದ್ದ. ಅಲ್ಲಿಯತನಕ ನರಿಗಳು ಮರಳು ಕೆದರದಂತೆ ಮೆಹು ರಾತ್ರಿಯಿಡೀ ಕಾಯುತ್ತಿದ್ದ. ಹಗಲು ಗರಗಸ ಹಿಡಿದೇ ತೂಕಡಿಸುತ್ತಿದ್ದ.

ಒಂದು ದಿನ ಇಬಿ ಎಳೆಯುವುದನ್ನು ನಿಲ್ಲಿಸಿದ.

"ಭಾವ, ಗರಗಸ ಒಳಕ್ಕೆ ವಾಲಿದೆ. ಕೊಯ್ತಾ ಇದ್ದೀಯೋ, ಜೋತುಬಿದ್ದಿದ್ದೀಯೋ?"

ಮೆಹು ಬಗ್ಗಿ ನೋಡಿದ. ನನ್ನ ಪಕ್ಕೆಯೊಳಗೆ ಎರಡು ಬೆರಳಷ್ಟು ಆಳದ ಸೀಳು ಬಿದ್ದಿತ್ತು. ಗರಗಸ ಎತ್ತಿ, ಸ್ವಲ್ಪ ಹೊರಗೆ ಹೊಸದಾಗಿ ಕೊಯ್ದರು. ಸೀಳು ಉಳಿಯಿತು.

ಮೇಸ್ತ್ರಿ ಬಂದು ಅದರಲ್ಲಿ ಉಗುರು ಆಡಿಸಿದ. ಮೇಲಿನವರಿಗೆ ಗೊತ್ತಾದರೆ ಅವನ ಬೆನ್ನಿಗೂ ಏಟು ಬೀಳುತ್ತಿತ್ತು. "ಆ ಮಗ್ಗುಲು ಗೋಡೆ ಕಡೆ ತಿರುಗಿಸಿ ಇಡಿ. ಸತ್ತ ದೊರೆ ಎದ್ದು ಬಂದು ನೋಡ್ತಾನಾ?"

"ಏಳ್ತಾನೆ ಅಂತಲ್ವಾ ಇಷ್ಟೆಲ್ಲ ಕಟ್ತಿರೋದು?" ಎಂದ ಇಬಿ.

ಮೇಸ್ತ್ರಿ ನಗಲಿಲ್ಲ. "ಮೆಹು, ಗೋರಿ ಜಾಗ ಮಾತ್ರ ಇನ್ನು ಕೇಳಬೇಡ."

ಹತ್ತು ದಿನಕ್ಕೆ ಮೆಹುವಿಗೆ ಜ್ವರ ಬಂತು. ಎರಡು ದಿನ ಏಳಲಾಗಲಿಲ್ಲ. ಮೂರನೆಯ ಬೆಳಿಗ್ಗೆ ಹೋಗಿ ನೋಡಿದರೆ ಮರಳು ಕೆದರಿತ್ತು, ಚಾಪೆ ಹರಿದಿತ್ತು. ಅವನಿಗೆ ಸಿಕ್ಕಿದ್ದು ಅವಳ ಜಡೆ ಒಂದೇ.

ಅದೇ ದಿನ ನನ್ನನ್ನು ಪಿರಮಿಡ್ಡಿನ ಕೋಣೆಗೆ ಇಳಿಸಿದರು. ಕೋಣೆಗೆ ಇನ್ನೂ ಸೂರಿರಲಿಲ್ಲ. ಒಳಗೆ ಬರುವ ದಾರಿಗಿಂತ ನಾನು ಅಗಲ, ಹಾಗಾಗಿ ಮೇಲಿನಿಂದಲೇ ಬರಬೇಕಿತ್ತು. ಗೋಡೆಗೆ ತಳ್ಳುವ ಮೊದಲು ಮೆಹು ಜಡೆಯನ್ನು ಸೀಳಿನಲ್ಲಿ ತುರುಕಿ, ಮೇಲೆ ಗಾರೆ ಮೆತ್ತಿದ. ಇಬಿ ಅಡ್ಡ ನಿಂತು ಮರೆಮಾಡಿದ.

ದೊರೆ ಆಮೇಲೆ ಬಂದ, ಬಟ್ಟೆ ಸುತ್ತಿಕೊಂಡು, ರಾಳದ ವಾಸನೆಯೊಂದಿಗೆ. ಮುಚ್ಚಳ ಎಳೆದರು, ದಾರಿಗೆ ಕಲ್ಲು ಇಳಿಸಿದರು. ಎಷ್ಟೋ ವರ್ಷಗಳ ಮೇಲೆ ಕಳ್ಳರು ಮುಚ್ಚಳ ಒಡೆದು ಚಿನ್ನ ಕಿತ್ತರು, ಹೆಣವನ್ನೂ ಹೊತ್ತೊಯ್ದರು. ನನ್ನ ತಳದಲ್ಲಿ ರಾಳಕ್ಕೆ ಅಂಟಿದ ಬಟ್ಟೆಯ ಚೂರೊಂದು ಉಳಿಯಿತು.

ಕೊನೆಗೆ ಹನಾನ್ ಬಂದಳು, ಕೈರೋದಿಂದ, ಹಳೆಯ ಕಾಲದ್ದನ್ನು ಅಗೆದು ಅಭ್ಯಾಸ ಮಾಡುವವಳು. ಪಿರಮಿಡ್ಡು ಗೋರಿಯೇ ಅಲ್ಲ, ಕಣಜ ಎನ್ನುವವರಿಗೆ ಅವಳು ಪುರಾವೆ ಕೊಡಬೇಕಿತ್ತು. ನನ್ನ ಅಗಲ ಅಳೆದಳು, ದಾರಿಯ ಅಗಲ ಅಳೆದಳು, ಬಟ್ಟೆಯ ಚೂರು ತೆಗೆದಳು. ಆಮೇಲೆ ಜಾಕಿ ಕೊಟ್ಟು ನನ್ನನ್ನು ಗೋಡೆಯಿಂದ ಸರಿಸಿದಾಗ ಗಾರೆ ಕಂಡಿತು, ಅದರೊಳಗೆ ಜಡೆ.

ದೊರೆಯದೇ ಇರಬೇಕೆಂದು ಅವಳು ಒಂದೆಳೆಯನ್ನು ಪರೀಕ್ಷೆಗೆ ಕಳಿಸಿದಳು. ತಿಂಗಳಾದ ಮೇಲೆ ಪರೀಕ್ಷೆಯ ಕಾಗದವನ್ನು ನನ್ನ ಅಂಚಿನ ಮೇಲಿಟ್ಟು ಓದಿದಳು. ಯಾರೋ ಹೆಂಗಸಿನ ಕೂದಲು.

"ಬರೀಬೇಡಿ ಡಾಕ್ಟ್ರೇ," ಎಂದ ಅವಳ ಕೆಲಸಗಾರರ ಮುಖ್ಯಸ್ಥ ಸಾಬರ್. "ದೊರೆ ಗೋರಿಯಲ್ಲಿ ಹೆಂಗಸಿನ ಜಡೆ ಅಂದ್ರೆ ಆ ಕಣಜದ ಜನ ಕುಣೀತಾರೆ."

"ಸಿಕ್ಕಿದ್ದನ್ನ ಬರೀಬೇಕು ಸಾಬರ್. ಬೇಕಾದ್ದನ್ನಲ್ಲ."

ಬರೆದಳು. ಆ ಜನ ಕುಣಿದರು, ಜಡೆಯನ್ನೂ ಬಟ್ಟೆಯ ಚೂರನ್ನೂ ಆಮೇಲೆ ಯಾರೋ ತಂದಿಟ್ಟದ್ದು ಎಂದರು. ಜಡೆ ಒಂದು ಸಂಖ್ಯೆ ಹೊತ್ತು ಯಾವುದೋ ಕಪಾಟು ಸೇರಿತು.

ಈಗಲೂ ಪ್ರವಾಸಿಗರು ಬೆನ್ನು ಬಗ್ಗಿಸಿ ಬರುತ್ತಾರೆ. ನನ್ನೊಳಗೆ ಟಾರ್ಚು ಬಿಟ್ಟು, "ಇಲ್ಲಿ ಸತ್ತವರು ಯಾರೂ ಇಲ್ಲ" ಎನ್ನುತ್ತಾರೆ. ನಾಲ್ಕು ಸಾವಿರ ವರ್ಷ ಅದು ಸುಳ್ಳಾಗಿತ್ತು. ಹೆನುತ್ ಇದ್ದಳು. ಅವಳನ್ನು ಹೊರಗೆ ಒಯ್ದ ಮೇಲೆ ಅವರ ಮಾತು ನಿಜವಾಗಿದೆ.

ನಾನು ಮಾತ್ರ ಹೊರಗೆ ಹೋಗಲಾರೆ. ದಾರಿಗಿಂತ ನಾಲ್ಕು ಬೆರಳು ಅಗಲ ಇದ್ದೇನೆ, ಅಂದರೆ ಸೂರು ಹಾಕುವ ಮೊದಲೇ ನನ್ನನ್ನು ಇಲ್ಲಿ ಇಟ್ಟಿರಬೇಕು, ಕೋಣೆ ಕಟ್ಟಿದ್ದೇ ನನಗಾಗಿ. ಇದು ಗೋರಿ ಎನ್ನುವುದಕ್ಕೆ ಹನಾನ್ ಬಳಿ ಉಳಿದಿರುವ ಗಟ್ಟಿ ಪುರಾವೆ ಅದೇ.